6.04 ಹೋಗಿ 6.06 ಆದ ಕಥೆ

ತುಮಕೂರಿಂದ ಊರಿಗೆ ಹೋಗ್ಬೇಕಂದ್ರೆ ಎರಡು ತರದ ಗಾಡಿ ಸಿಗುತ್ತೆ. ಒಂದು ಟೈಮ್ ಆದ ತಕ್ಷಣ ಹೊರಡುತ್ತೆ, ನೀವು ಟೀ ಕುಡೀತಾ ನಿಂತಿದ್ರೆ ಮುಂದಿನ ಬಸ್ಸೇ ಗತಿ. ಇನ್ನೊಂದು ಸೀಟ್ ತುಂಬೋ ತನಕ "ಈಗ ಹೊರಡ್ತು ಹತ್ತಿ, ಈಗ ಹೊರಡ್ತು" ಅಂತ ಕೂಗಿಸ್ಕೊಂಡು ನಿಂತೇ ಇರುತ್ತೆ. ಓಪನ್ ಸೋರ್ಸ್ (ಯಾರು ಬೇಕಾದ್ರೂ ಕೋಡ್ ನೋಡಿ ತಿದ್ದಬಹುದಾದ) ಸಾಫ್ಟ್‌ವೇರ್ ರಿಲೀಸ್ ವಿಷಯದಲ್ಲೂ ವರ್ಷಾನುಗಟ್ಟಲೆ ನಡೆದಿರೋ ವಾದ ಇದೇ: ಹೊಸ ವರ್ಷನ್ನ ತಾರೀಖಿಗೆ ಸರಿಯಾಗಿ ಬಿಡೋದಾ, ಎಲ್ಲ ರೆಡಿ ಆದ್ಮೇಲೆ ಬಿಡೋದಾ. ನನ್ನ ಅಂಗಡಿಗೆ ಬಂದು "ಸಾರ್, ಇಷ್ಟೊಂದು ವರ್ಷನ್ ಇದೆ, ಯಾವ್ದು ಹಾಕೋದು" ಅಂತ ಕೇಳೋರಿಗೆ ಒಂದೇ ಮಾತಲ್ಲಿ ಹೇಳಕ್ಕಾಗದೇ ಇರೋದೂ ಅದಕ್ಕೇ.

ಶುರುನಲ್ಲಿ ಹೆಚ್ಚಿನವು ಸೀಟ್ ತುಂಬೋ ಗಾಡಿಗಳೇ. ಲಿನಕ್ಸ್ ಕರ್ನಲ್, ಅಂದ್ರೆ ಲಿನಕ್ಸ್ ಸಿಸ್ಟಮ್‌ನ ಒಳಗಿನ ತಿರುಳು, 1991ರಲ್ಲಿ 0.01, 1994ಕ್ಕೆ 1.0. ಆಮೇಲೆ ಸಮ-ಬೆಸ ಲೆಕ್ಕ ಬಂತು: 2.2, 2.4 ಅಂದ್ರೆ ಧೈರ್ಯವಾಗಿ ಹಾಕ್ಕೋಬಹುದು, 2.3, 2.5 ಅಂದ್ರೆ ಇನ್ನೂ ಕೆಲಸ ನಡೀತಿದೆ. ಕೇಳಕ್ಕೆ ಚೆನ್ನಾಗಿದೆ. ಆದ್ರೆ 2.4 ಬಂದಿದ್ದು 2001ರ ಜನವರಿ, 2.6 ಬಂದಿದ್ದು 2003ರ ಡಿಸೆಂಬರ್, ಅಲ್ಲೀತನಕ ಹೊಸದೆಲ್ಲ 2.5ರಲ್ಲೇ ಕೂತಿತ್ತು, ಡಿಸ್ಟ್ರೋ (ಕರ್ನಲ್ ಜೊತೆ ಬೇರೆ ಸಾಫ್ಟ್‌ವೇರ್ ಸೇರಿಸಿ ಕಟ್ಟಿದ ಪೂರ್ತಿ ಸಿಸ್ಟಮ್) ಮಾಡೋರು ಕಾದು ಕಾದು ಸಾಕಾಗಿ ಅಲ್ಲಿಂದ ಬೇಕಾದ್ದನ್ನ ಕಿತ್ತು ತಂದು 2.4ಗೆ ತೇಪೆ ಹಾಕಿದ್ರು, ಕೊನೆಗೆ ಒಬ್ಬೊಬ್ಬರ 2.4 ಒಂದೊಂದು ತರ. ಡೆಬಿಯನ್ ಅನ್ನೋ ಡಿಸ್ಟ್ರೋ ಕಥೆನೂ ಅಷ್ಟೇ, ವುಡಿ ಅನ್ನೋ ವರ್ಷನ್ 2002ರ ಜುಲೈ, ಅದರ ಮುಂದಿನದು ಸಾರ್ಜ್ 2005ರ ಜೂನ್.

ನಾನು ಕಣ್ಣಾರೆ ನೋಡಿದ್ದು ಇಲ್ಲಿಂದ ಮುಂದಿನ ಕಾಲ. 2004ರ ಅಕ್ಟೋಬರಲ್ಲಿ ಉಬುಂಟು ಅನ್ನೋ ಡಿಸ್ಟ್ರೋದ 4.10 ಬಂತು, ನಂಬರೇ ವರ್ಷ ಮತ್ತು ತಿಂಗಳು, ಆರು ತಿಂಗಳಿಗೊಂದು ಗ್ಯಾರಂಟಿ. ಸಿಡಿನ ಪುಕ್ಕಟೆ ಪೋಸ್ಟಲ್ಲಿ ಕಳಿಸ್ತಿದ್ರು! ಒಂದು ಸಿಡಿ ಡೌನ್‌ಲೋಡ್ ಮಾಡೋದಂದ್ರೆ ಶಿವರಾತ್ರಿ ಜಾಗರಣೆ ಆಗಿದ್ದ ದಿನಗಳು ಅವು, ಪೋಸ್ಟ್‌ಮ್ಯಾನ್ ಫಾರಿನ್ ಕವರ್ ತಂದ್ರೆ ಮನೇಲಿ ಎಲ್ಲೋ ಕೆಲಸ ಸಿಕ್ತು ಅಂದ್ಕೊಂಡಿದ್ರು.

ತಾರೀಖಿಗೆ ಬಿಡೋದರ ಗುಟ್ಟು ಸಣ್ಣದು. ಒಂದು ದಿನ ಫ್ರೀಜ್, ಇನ್ನು ಹೊಸದೇನೂ ಸೇರಿಸಲ್ಲ ಅಂತಾರೆ, ಅಷ್ಟರಲ್ಲಿ ರೆಡಿ ಇಲ್ಲದ ಫೀಚರ್ ಮುಂದಿನ ರಿಲೀಸಿಗೆ. ಆರೇ ತಿಂಗಳು ತಾನೇ ಅಂತ ಬರೆದೋರೂ ಸುಮ್ಮನಾಗ್ತಾರೆ. ಮುಂದಿನ ಗಾಡಿ ಮೂರು ವರ್ಷಕ್ಕೆ ಅಂದ್ರೆ ಮಾತ್ರ ಎಲ್ರೂ ಅರ್ಧಂಬರ್ಧ ಬೆಂದಿದ್ದನ್ನೂ ತುರುಕಕ್ಕೆ ನೋಡ್ತಾರೆ. ಹಾಗಂತ ತಾರೀಖನ್ನ ಪೂಜೆ ಮಾಡಕ್ಕಾಗಲ್ಲ. 6.04 ಅಂತ ಬರಬೇಕಿದ್ದ ಉಬುಂಟುನ ಇನ್ನೂ ನಯ ಮಾಡ್ಬೇಕು, ಇದನ್ನ ವರ್ಷಗಟ್ಟಲೆ ನೋಡ್ಕೋಬೇಕು ಅಂತ ಆರು ವಾರ ಮುಂದಕ್ಕೆ ಹಾಕಿದ್ರು, ಜೂನಲ್ಲಿ ಬಂದಿದ್ದಕ್ಕೆ ಹೆಸರೂ 6.06 ಆಗೋಯ್ತು. ಮೊದಲ ಎಲ್‌ಟಿಎಸ್ (ವರ್ಷಗಟ್ಟಲೆ ಸಪೋರ್ಟ್ ಸಿಗೋ ವರ್ಷನ್) ಅದೇ, ಡೆಸ್ಕ್‌ಟಾಪಿಗೆ ಮೂರು ವರ್ಷ, ಸರ್ವರಿಗೆ ಐದು. ತಡ ಆಗಿದ್ದನ್ನ ನಂಬರಲ್ಲೇ ಒಪ್ಕೊಂಡಿದ್ದು ನಂಗಂತೂ ಇಷ್ಟ ಆಯ್ತು.

ಕರ್ನಲ್ಲೂ ಸಮ-ಬೆಸ ಬಿಡ್ತು. ಎರಡು ವಾರ ಮರ್ಜ್ ವಿಂಡೋ, ಅಂದ್ರೆ ಹೊಸದನ್ನ ಸೇರಿಸೋ ಕಾಲ, ಆಮೇಲೆ ವಾರಕ್ಕೊಂದು ರಿಲೀಸ್ ಕ್ಯಾಂಡಿಡೇಟ್, ಅಂದ್ರೆ ಪರೀಕ್ಷೆ ಮಾಡಕ್ಕೆ ಬಿಡೋ ಪ್ರತಿ, ಒಂಬತ್ತು-ಹತ್ತು ವಾರಕ್ಕೆ ಹೊಸ ವರ್ಷನ್. 2011ರಲ್ಲಿ 2.6.39 ಆದ್ಮೇಲೆ ನೇರ 3.0, ಒಳಗೆ ಅಂಥ ದೊಡ್ಡ ಬದಲಾವಣೆ ಏನಿಲ್ಲ, ಆದ್ರೂ 2.6 ಅಂತಲೇ ಇರುತ್ತೆ ಅಂದ್ಕೊಂಡು ಬರೆದಿದ್ದ ಪ್ರೋಗ್ರಾಂಗಳು ತಡಬಡಾಯಿಸಿದ್ವು, ಅವಕ್ಕೋಸ್ಕರ "ನಾನು 2.6.40" ಅಂತ ಸುಳ್ಳು ಹೇಳೋ ಸೌಲಭ್ಯನೂ ಕರ್ನಲ್ ಒಳಗೇ ಸೇರಿಸಬೇಕಾಯ್ತು. ಅದೇ ವರ್ಷ ಫೈರ್‌ಫಾಕ್ಸ್ ಬ್ರೌಸರ್ ಆರು ವಾರಕ್ಕೊಂದು ಬಿಡಕ್ಕೆ ಶುರು ಮಾಡ್ತು, 2020ರಿಂದ ನಾಲ್ಕು ವಾರಕ್ಕೇ.

ಬೇಗ ಬೇಗ ಬಿಟ್ರೆ ಹಳೇದು ರಾಶಿ ಬೀಳುತ್ತೆ. ಮದುವೆಗೆ ಸಾವಿರ ಜನ, ಮಾರನೇ ದಿನ ಪಾತ್ರೆ ತೊಳೆಯಕ್ಕೆ ಇಬ್ಬರು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹಳೇ ವರ್ಷನ್ 2ಕ್ಕೆ 2015ರಲ್ಲಿ ಮಂಗಳ ಹಾಡ್ತೀವಿ ಅಂದಿದ್ದು 2020ಕ್ಕೆ ಹೋಯ್ತು. ಎಲ್‌ಟಿಎಸ್ ಕರ್ನಲ್‌ನ ಆರು ವರ್ಷ ನೋಡ್ಕೋತೀವಿ ಅಂತ 2017ರಲ್ಲಿ ಅಂದಿದ್ದು, 2023ರಲ್ಲಿ ಎರಡಕ್ಕೆ ಇಳಿಸೋ ಮಾತು ಬಂತು, ಹಳೇದನ್ನ ಬಳಸೋರೂ ಕಮ್ಮಿ, ತೇಪೆ ಹಾಕೋರೂ ಸುಸ್ತು.

ನಾನಂತೂ ಕೇಳಿದೋರಿಗೆ ಎಲ್‌ಟಿಎಸ್ಸೇ ಹಾಕಿ ಕೊಡ್ತೀನಿ, ಸಿಪಿಯು ಮೇಲೆ ಒಂದು ಸ್ಟಿಕರ್ ಅಂಟ್ಸಿ ಸಪೋರ್ಟ್ ಮುಗಿಯೋ ವರ್ಷ ಬರೀತೀನಿ, 22.04 ಆದ್ರೆ 2027. ಆಯುಧಪೂಜೆ ಕಳೆದ್ಮೇಲೆ ರಿಪೇರಿಗೆ ತಂದಾಗ ನೋಡಿದ್ರೆ ಸರಿಯಾಗಿ ಆ ವರ್ಷದ ಮೇಲೇ ಅರಿಶಿನ ಕುಂಕುಮ.