ಗಡ್ಡಿಯಲ್ಲಿ ಸಿಕ್ಕಿಬಿದ್ದಾಗ ಒಣ ಕಟ್ಟಿಗೆ ಯಾವುದಕ್ಕೆ?

ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟರೆ ಕೃಷ್ಣೆಯ ಗಡ್ಡಿಗಳಿಗೆ, ಅಂದರೆ ಹೊಳೆ ನಡುವಿನ ನಡುಗಡ್ಡೆಗಳಿಗೆ, ದಾರಿ ಮುಚ್ಚುತ್ತದೆ. ಆಮೇಲೆ ಮನೆಯಲ್ಲಿ ಇದ್ದದ್ದರಲ್ಲೇ ದಿನ ದೂಡಬೇಕು. ಜೋಳ ಎಷ್ಟಿದೆ, ಬೇಳೆ ಎಷ್ಟಿದೆ ಅನ್ನೋ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ನಾನು ಹೇಳಿಕೊಡಬೇಕಿಲ್ಲ. ವೈದ್ಯನಾಗಿ ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಒಣ ಕಟ್ಟಿಗೆ, ಕುಳ್ಳು ಎಲ್ಲ ಅಡುಗೆಗೆ ಮುಗಿಯುತ್ತದೆ. ಕುಡಿಯುವುದು ಮಾತ್ರ ಹೊಳೆಯ ಹಸಿ ನೀರು.

"ಹರಿಯೋ ನೀರಿಗೆ ಏನಾಗ್ತದ್ರೀ ಡಾಕ್ಟರ್? ನಮ್ಮ ಮುತ್ಯಾ ಇದೇ ಕುಡಿದು ಬದುಕ್ಯಾನ" ಅನ್ನುತ್ತಾರೆ. ಪ್ರವಾಹದ ನೀರು ಮೇಲಿನ ಊರುಗಳ ಬಯಲು ಶೌಚದ ಜಾಗ, ಗಟಾರ ತೊಳೆದುಕೊಂಡು ಬಂದಿರುತ್ತದೆ. ದಾರಿ ಮುಚ್ಚಿದಾಗ ಮಗುವಿಗೆ ವಾಂತಿ ಭೇದಿ ಶುರುವಾದರೆ ಆಸ್ಪತ್ರೆ ಮುಟ್ಟುವುದು ಹೇಗೆ?

ಇನ್ನು ಕೆಲವರಿಗೆ ಕುದಿಸಬೇಕು ಅಂತ ಗೊತ್ತು. ಆದರೆ ಅರ್ಧ ಗಂಟೆ ಕುದಿಸುತ್ತಾರೆ, ಎರಡನೇ ದಿನ ಕಟ್ಟಿಗೆ ಸಾಲದೆ ಬಿಟ್ಟುಬಿಡುತ್ತಾರೆ. ದಯವಿಟ್ಟು ಕೇಳಿ. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಹತ್ತು ನಿಮಿಷ ಬೇಡ, ಒಂದೇ ನಿಮಿಷ. ಬರೀ ಬಿಸಿಯಾದರೆ ಸಾಲದು, ಕುದಿಯಲೇಬೇಕು. ರಾಡಿ ನೀರಾದರೆ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಮುಚ್ಚಳ ಹಾಕಿ ಕುದಿಸಿ. ಸುಮ್ನೆ ಸೋಸಿದರೆ ರೋಗಾಣು ಹೋಗುವುದಿಲ್ಲ. ಕುಡಿಯಲು ಒಬ್ಬರಿಗೆ ದಿನಕ್ಕೆ ಸುಮಾರು 3 ಲೀಟರ್ ಹಿಡಿಯಿರಿ. ಐದು ಜನರಿಗೆ 15 ಲೀಟರ್, ಒಂದು ಕೊಡದಷ್ಟು. ಸ್ನಾನದ ನೀರಿಗೆ ಬೆಂಕಿ ಬೇಡ.

ಅಡುಗೆಗೆ ಕಟ್ಟಿಗೆ ಉಳಿಯದಿದ್ದರೆ? ಮಳೆಗಾಲಕ್ಕೆ ಮುಂಚೆಯೇ ಕಡಕ್ ರೊಟ್ಟಿ ಮಾಡಿಡಿ. ಶೇಂಗಾ ಹಿಂಡಿ (ಚಟ್ನಿಪುಡಿ) ಜೊತೆ ತಿಂದರೆ ಒಲೆ ಹಚ್ಚುವ ಕೆಲಸವೇ ಇಲ್ಲ. ಇಷ್ಟು ಒಳ್ಳೆಯ ಬುತ್ತಿ ನಮ್ಮಲ್ಲೇ ಇದೆ ಅಲ್ವಾ?

ಒಂದು ಎಚ್ಚರಿಕೆ. ಕುದಿಸಿದರೆ ರೋಗಾಣು ಸಾಯುತ್ತವೆ, ಅಷ್ಟೇ. ಸುರಪುರ ಭಾಗದ ಕೆಲವು ಬೋರ್‌ವೆಲ್‌ಗಳ ಆರ್ಸೆನಿಕ್, ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಹೊಲದ ಔಷಧಿಯೂ ಹಾಗೆಯೇ. ಕ್ಲೋರಿನ್ ಮಾತ್ರೆ ಇದ್ದರೆ ಪೊಟ್ಟಣದ ಮೇಲಿನ ಅಳತೆಯನ್ನೇ ಪಾಲಿಸಿ.

2013ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆ ಕಟ್ಟಿಕೊಂಡು ಹೊಳೆ ಈಜಿದ್ದರು. ಆ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಯಾವ ಬಸುರಿಗೂ ಆ ಗತಿ ಬರಬಾರದು. ನೀರು ಬಿಡುವ ಡಂಗುರ ಕೇಳಿದ ದಿನವೇ ದಿನ ತುಂಬಿದವರನ್ನು, ಹಸುಗೂಸುಗಳನ್ನು ಮೊದಲು ದಾಟಿಸಿ. ಚೀಲ, ಸಾಮಾನು ಆಮೇಲೆ.