ಕೀ ಒಳಗೆ ಹೋಗುತ್ತೆ, ತಿರುಗಲ್ಲ: ಲಾಕ್ ಸೆಟ್ಟೇ ಬದಲಿಸಬೇಕಾ?

ಪ್ರಶ್ನೆ: ನಮ್ಮದು 2004ರ ಮಾರುತಿ 800. ಈಚೆಗೆ ಕೀ ಹಾಕಿದರೆ ಸಲೀಸಾಗಿ ತಿರುಗೋದಿಲ್ಲ. ಹತ್ತಾರು ಸಲ ಅಲ್ಲಾಡಿಸಿದ ಮೇಲೆ ಯಾವಾಗಲೋ ಒಮ್ಮೆ ತಿರುಗುತ್ತೆ. ಬೆಳಗ್ಗೆ ಹೊತ್ತು ಇನ್ನೂ ಕಷ್ಟ. ಮೆಕ್ಯಾನಿಕ್ ಇಡೀ ಲಾಕ್ ಸೆಟ್ ಬದಲಿಸಿ ಅಂತಾರೆ. ಮನೆಯಲ್ಲಿ ನಮ್ಮ ತಂದೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರೆ ಸಾಕು ಅಂತ ಆಗಲೇ ಬಿಟ್ಟೂ ಆಗಿದೆ. ಯಾವುದು ಸರಿ?
– ತಿಪಟೂರಿನ ಓದುಗರು

ಉತ್ತರ: ಎರಡೂ ಬೇಡ. ಮೊದಲು ಬೀರು ತೆಗೆದು, ಕಾರು ಕೊಂಡಾಗ ಜೊತೆಗೆ ಕೊಟ್ಟ ಇನ್ನೊಂದು ಕೀ ಎಲ್ಲಿದೆ ಹುಡುಕಿ. ಉತ್ತರದ ಮುಕ್ಕಾಲು ಪಾಲು ಅಲ್ಲೇ ಇದೆ.

ಯಾಕೆಂದರೆ, ಕೀ ಸಿಕ್ಕಿಕೊಂಡಾಗ ನಮ್ಮ ಅನುಮಾನವೆಲ್ಲ ಲಾಕಿನ ಮೇಲೆ ಹೋಗುತ್ತದೆ. ಕೈಯಲ್ಲಿರುವ ಕೀಯನ್ನು ಯಾರೂ ಅನುಮಾನಿಸುವುದಿಲ್ಲ. ಇಗ್ನಿಷನ್ ಲಾಕಿನ ಒಳಗೆ ತೆಳ್ಳನೆಯ ಲೋಹದ ಬಿಲ್ಲೆಗಳು ಸಾಲಾಗಿ ಕೂತಿರುತ್ತವೆ. ಪ್ರತಿಯೊಂದರ ಹಿಂದೆ ಒಂದು ಪುಟ್ಟ ಸ್ಪ್ರಿಂಗ್. ಕೀ ಇಲ್ಲದಾಗ ಸ್ಪ್ರಿಂಗ್ ಬಿಲ್ಲೆಯನ್ನು ಹೊರಗೆ ತಳ್ಳಿ ಬ್ಯಾರಲ್ (ಕೀಯ ಜೊತೆ ತಿರುಗುವ ಉರುಳೆ) ತಿರುಗದಂತೆ ಹಿಡಿದಿರುತ್ತದೆ. ಕೀ ಒಳಗೆ ಹೋದಾಗ ಅದರ ಒಂದೊಂದು ಕಚ್ಚೂ ಒಂದೊಂದು ಬಿಲ್ಲೆಯನ್ನು ಸರಿಯಾದ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಎಲ್ಲ ಬಿಲ್ಲೆಗಳೂ ಬ್ಯಾರಲ್‌ನ ಅಂಚಿಗೆ ಸಮನಾದರೆ ಮಾತ್ರ ತಿರುಗುವುದು. ಒಂದು ಬಿಲ್ಲೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅಲ್ಲೇ ಬಿಗಿ.

ಇಪ್ಪತ್ತು ವರ್ಷ ದಿನಾ ಎಳೆದು ಹಾಕಿದ ಕೀಯ ಕಚ್ಚುಗಳು ಸವೆದು ದುಂಡಗಾಗಿರುತ್ತವೆ. ಅಲ್ಲಾಡಿಸುತ್ತಾ ಹೋದರೆ ಯಾವಾಗಲೋ ತಿರುಗುತ್ತದೆ ಅಂದಿರಲ್ಲ, ಅದು ಸವೆತದ ಗುರುತು. ಅಲ್ಲಾಡಿಸುವಾಗ ಅಕಸ್ಮಾತ್ತಾಗಿ ಎಲ್ಲ ಬಿಲ್ಲೆಗಳೂ ಒಂದು ಕ್ಷಣ ಸಾಲಿಗೆ ಬರುತ್ತವೆ. ಮುಂದಿನ ಸಲ ಕೀಯನ್ನು ಪೂರ್ತಿ ಒಳಗೆ ಹಾಕಿ, ಸ್ವಲ್ಪವೇ ಸ್ವಲ್ಪ ಹೊರಗೆಳೆದು ತಿರುಗಿಸಿ ನೋಡಿ. ಹಾಗೆ ತಿರುಗಿದರೆ ಸವೆತ ಅಂತ ಬಹುತೇಕ ಖಚಿತ.

ಅದಕ್ಕೂ ಮೊದಲು ಸ್ಟೀರಿಂಗ್ ಲಾಕ್ ಕಾರಣವಲ್ಲ ಅಂತ ಖಚಿತಪಡಿಸಿಕೊಳ್ಳಿ. ಕೀ ತೆಗೆದ ಮೇಲೆ ಸ್ಟೀರಿಂಗ್ ಅಲ್ಲಾಡಿದರೆ ಒಂದು ಉಕ್ಕಿನ ಗೂಟ ಸ್ಟೀರಿಂಗ್ ಕಂಬದ ಸೀಳಿಗೆ ಬಂದು ಕೂರುತ್ತದೆ. ಚಕ್ರ ತಿರುಗಿಸಿಯೋ, ಇಳಿಜಾರಿನಲ್ಲೋ, ಫುಟ್‌ಪಾತಿನ ಅಂಚಿಗೆ ಒತ್ತಿಯೋ ನಿಲ್ಲಿಸಿದ್ದರೆ ಆ ಗೂಟದ ಮೇಲೆ ಭಾರ ಬಿದ್ದು ಕೀ ತಿರುಗುವುದೇ ಇಲ್ಲ. ಒಂದು ಕೈಯಲ್ಲಿ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಎಳೆಯಿರಿ. ಒಂದು ಕಡೆ ಕಲ್ಲಿನಂತೆ ನಿಲ್ಲುತ್ತದೆ, ಇನ್ನೊಂದು ಕಡೆ ಚೂರು ಸಡಿಲ ಇರುತ್ತದೆ. ಸಡಿಲ ಇರುವ ಕಡೆ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಕೀಯನ್ನು ಮೆಲ್ಲಗೆ ತಿರುಗಿಸಿ. ಹೀಗೆ ಮಾಡಿದಾಗ ಪ್ರತಿ ಸಲವೂ ಸಲೀಸಾಗಿ ತಿರುಗಿದರೆ ನಿಮ್ಮ ಗಾಡಿಗೆ ರೋಗವೇ ಇಲ್ಲ.

ಈಗ ಬೀರುವಿನ ಕೀ. ಅದು ಸಲೀಸಾಗಿ ತಿರುಗಿದರೆ ಸವೆದದ್ದು ದಿನಬಳಕೆಯ ಕೀ. ಅದನ್ನು ಮೂಲೆಗೆ ಹಾಕಿ, ಬಳಸದ ಕೀಯನ್ನು ಮಾದರಿಯಾಗಿ ಕೊಟ್ಟು ಹೊಸದು ಮಾಡಿಸಿಕೊಳ್ಳಿ. ಇಲ್ಲೇ ಬಹಳ ಜನ ಎಡವುವುದು. ಜೇಬಿನಲ್ಲಿರುವ ಸವೆದ ಕೀಯನ್ನೇ ಕೊಟ್ಟು ಡೂಪ್ಲಿಕೇಟ್ ಮಾಡಿಸುತ್ತಾರೆ. ಕೀ ಕಟಿಂಗ್ ಮಷೀನಿನಲ್ಲಿ ಮಾದರಿ ಕೀಯ ಅಂಚಿನ ಮೇಲೆ ಒಂದು ಕಡ್ಡಿ ಹರಿಯುತ್ತದೆ, ಅದು ಏರಿಳಿದಂತೆ ಪಕ್ಕದ ಚಕ್ರ ಹೊಸ ಕೀಯನ್ನು ಕೊರೆಯುತ್ತದೆ. ಸವೆತವೂ ಹಾಗ್ಹಾಗೇ ಇಳಿಯುತ್ತದೆ. ಫಳಫಳ ಹೊಳೆಯುವ ಹೊಸ ಕೀ, ಹುಟ್ಟುವಾಗಲೇ ಇಪ್ಪತ್ತು ವರ್ಷದ ಮುದುಕ! ಆ ಡೂಪ್ಲಿಕೇಟಿನಿಂದ ಇನ್ನೊಂದು ಮಾಡಿಸಿದರೆ ಕೇಳುವುದೇ ಬೇಡ.

ಹಳೆಯ ಕೀ ಸಿಗಲಿಲ್ಲವೆಂದರೆ, ಕಾರಿನ ಕಾಗದಪತ್ರಗಳ ಕವರಿನಲ್ಲಿ ನಂಬರ್ ಕೊರೆದ ಒಂದು ಪುಟ್ಟ ಬಿಲ್ಲೆ ಇದೆಯೇ ನೋಡಿ. ಅದು ಕೀ ಕೋಡ್. ಆ ನಂಬರಿನಿಂದ ಕಾರ್ಖಾನೆ ಅಳತೆಗೇ ಕೀ ಕೊರೆಸಬಹುದು. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇದು ಸಿಗುವುದು ಕಮ್ಮಿ.

ಬೀರುವಿನ ಕೀ ಕೂಡ ಬಿಗಿಯಾಗಿಯೇ ತಿರುಗುತ್ತದೆಯೇ? ಹಾಗಾದರೆ ಬಿಲ್ಲೆಗಳು ಸವೆದಿವೆ ಅಥವಾ ಒಳಗೆ ಜಿಡ್ಡು ಕೂತಿದೆ. ಎರಡನೆಯದಾದರೆ ತೊಳೆದರೆ ಹೋಗುತ್ತದೆ. ಇಲ್ಲಿ ನಿಮ್ಮ ತಂದೆಯವರ ವೈದ್ಯದ ವಿಷಯಕ್ಕೆ ಬರಬೇಕು.

ತಿಪಟೂರಿನವರಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ ಅನ್ನುವುದು ನನಗೂ ಸ್ವಲ್ಪ ಮುಜುಗರದ ಮಾತು. ಆದರೆ ಆ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಬಚ್ಚಲುಮನೆಯ ಬಾಟಲಿಯಲ್ಲಿ ಆಗುವುದೇ ಲಾಕಿನ ಒಳಗೂ ಆಗುತ್ತದೆ. ಪುಟ್ಟ ಸ್ಪ್ರಿಂಗುಗಳಿಗೆ ಆ ಗಟ್ಟಿ ಎಣ್ಣೆಯನ್ನು ತಳ್ಳುವ ಶಕ್ತಿ ಇಲ್ಲ. ಬೆಳಗ್ಗೆ ಹೊತ್ತು ಇನ್ನೂ ಕಷ್ಟ ಅಂದಿರಲ್ಲ, ಎಣ್ಣೆ ಬಿಟ್ಟ ಮೇಲೆ ಅದು ಹೆಚ್ಚಾಯಿತೇ ಅಂತ ಯೋಚಿಸಿ ನೋಡಿ. ಎಂಜಿನ್ ಆಯಿಲ್, ಗ್ರೀಸ್ ಹೆಪ್ಪುಗಟ್ಟದಿದ್ದರೂ ಧೂಳು ಹಿಡಿದು ಕಪ್ಪು ಮೇಣವಾಗುತ್ತವೆ. ಮೊದಲ ವಾರ ಅದ್ಭುತ, ಆರು ತಿಂಗಳಿಗೆ ಮೊದಲಿಗಿಂತ ಕಡೆ.

ಡಬ್ಲ್ಯೂಡಿ-40 ಹಾಕಬಹುದೇ ಅನ್ನುವುದು ಮುಂದಿನ ಪ್ರಶ್ನೆ, ಗೊತ್ತು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ತುಕ್ಕು ತಡೆಯಲು, ನೀರನ್ನು ಓಡಿಸಲು ಮಾಡಿದ ದ್ರಾವಣ ಅದು. ಮಳೆಯಲ್ಲಿ ನೆನೆದ ಬೈಕಿನ ಲಾಕಿಗೆ, ಕರಾವಳಿಯ ಉಪ್ಪು ಗಾಳಿಗೆ ತುಕ್ಕು ಹಿಡಿದ ಬಾಗಿಲಿನ ಬೀಗಕ್ಕೆ ಹೊಡೆದರೆ ಬಿಡಿಸಿಕೊಡುತ್ತದೆ. ಹಳೆಯ ಜಿಡ್ಡನ್ನೂ ಕರಗಿಸುತ್ತದೆ. ಆದರೆ ತಿಂಗಳುಗಟ್ಟಲೆ ನಿಲ್ಲುವ ಜಾರುವಿಕೆ ಅದರಿಂದ ಬರುವುದಿಲ್ಲ.

ಲಾಕಿಗೆ ಬೇಕಾದದ್ದು ಒಣ ಪದಾರ್ಥ: ಗ್ರಾಫೈಟ್ ಪುಡಿ, ಇಲ್ಲವೇ ಪಿಟಿಎಫ್‌ಇ (ಟೆಫ್ಲಾನ್) ಇರುವ ಡ್ರೈ ಸ್ಪ್ರೇ. ಇವೂ ಸಿಗದಿದ್ದರೆ ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ಪೆನ್ಸಿಲ್ ತೆಗೆದುಕೊಳ್ಳಿ. ಪೆನ್ಸಿಲ್ ಸೀಸದಲ್ಲಿ ಇರುವುದೂ ಗ್ರಾಫೈಟೇ. 4ಬಿ, 6ಬಿಯಂಥ ಮೆತ್ತನೆಯದಾದರೆ ಒಳ್ಳೆಯದು. ಕೀಯ ಎರಡೂ ಮೈಗೆ, ಕಚ್ಚುಗಳಿಗೆ ಕಪ್ಪಾಗುವಂತೆ ಉಜ್ಜಿ, ಒಳಗೆ ಹೊರಗೆ ಆಡಿಸಿ, ಒರೆಸಿ, ಮತ್ತೆ ಉಜ್ಜಿ. ಪುಡಿಯನ್ನು ಮಾತ್ರ ಸುರಿಯಬೇಡಿ. ಗ್ರಾಫೈಟಿನಲ್ಲಿ ಕರೆಂಟ್ ಹರಿಯುತ್ತದೆ, ಬ್ಯಾರಲ್ ಹಿಂದೆ ಇಗ್ನಿಷನ್ ಸ್ವಿಚ್ ಇದೆ.

ನಿಮ್ಮ ಲಾಕಿಗೆ ಈಗಾಗಲೇ ಎಣ್ಣೆ ಬಿದ್ದಿರುವುದರಿಂದ ನೇರವಾಗಿ ಗ್ರಾಫೈಟ್ ಹಾಕಿದರೆ ಎರಡೂ ಸೇರಿ ಕೆಸರಾಗುತ್ತದೆ. ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಸಂಪರ್ಕಗಳನ್ನು ತೊಳೆಯುವ ದ್ರಾವಣ) ಸ್ಪ್ರೇಯಿಂದ ತೊಳೆದು, ಕೀ ಆಡಿಸಿ ಒರೆಸಿ, ಬಟ್ಟೆಗೆ ಕಪ್ಪು ಅಂಟುವುದು ನಿಲ್ಲುವವರೆಗೂ ಹೀಗೇ ಮಾಡಿ ಪೂರ್ತಿ ಒಣಗಲು ಬಿಡಿ. ಸ್ಪ್ರೇಗೆ ಬೆಂಕಿ ಹತ್ತುವ ಗುಣ ಇರುತ್ತದೆ, ಹತ್ತಿರ ಬೀಡಿ ಸಿಗರೇಟು ಬೇಡ.

ಕೀ ತಿರುಗುತ್ತೆ, ಹೊರಗೆ ಬರಲ್ಲ ಅನ್ನುವವರಿಗೂ ಎರಡು ಮಾತು. ಮಾರುತಿಯಂಥ ಗಾಡಿಗಳಲ್ಲಿ ಎಸಿಸಿಯಿಂದ (ರೇಡಿಯೊದಂಥವು ಮಾತ್ರ ನಡೆಯುವ ಕೀ ಸ್ಥಾನ) ಲಾಕ್‌ಗೆ ಬರಬೇಕಾದರೆ ಕೀಯನ್ನು ಒಳಗೆ ಒತ್ತಿ ತಿರುಗಿಸಬೇಕು. ಓಡುವಾಗ ಕೈತಪ್ಪಿ ಸ್ಟೀರಿಂಗ್ ಲಾಕ್ ಆಗದಿರಲಿ ಅಂತ ಮಾಡಿದ ಏರ್ಪಾಡು ಇದು. ಆಟೋಮ್ಯಾಟಿಕ್ ಗಾಡಿಯಾದರೆ ಗೇರ್ ಪಾರ್ಕ್‌ನಲ್ಲಿದೆಯೇ ನೋಡಿ.

ಇಷ್ಟೆಲ್ಲ ಮಾಡಿಯೂ ಬಗ್ಗದಿದ್ದರೆ ಮೆಕ್ಯಾನಿಕ್ ಮಾತು ಕೇಳಿ. ಆದರೂ ಇಡೀ ಸೆಟ್ ಅಂದರೆ ಇಗ್ನಿಷನ್, ಬಾಗಿಲು, ಡಿಕ್ಕಿ ಎಲ್ಲವೂ ಸೇರಿದ್ದು. ಕೆಟ್ಟಿರುವುದು ಇಗ್ನಿಷನ್ ಒಂದೇ ಆದರೆ ಅದೊಂದನ್ನೇ ಹಾಕಿಸಿ, ಕೀ ಎರಡಾಗುತ್ತವೆ ಅಷ್ಟೇ. ಅನುಭವಸ್ಥ ಕೀ ಮೇಕರ್ ಆದರೆ ಬ್ಯಾರಲ್ ಬಿಚ್ಚಿ ಸವೆದ ಬಿಲ್ಲೆಗಳನ್ನಷ್ಟೇ ಬದಲಿಸಿ ಕೊಡುವುದೂ ಉಂಟು. ಮನೆಯಲ್ಲೇ ಬಿಚ್ಚುವ ಸಾಹಸ ಬೇಡ. ಸ್ಟೀರಿಂಗ್ ಲಾಕನ್ನು ಹಿಡಿದಿರುವ ಬೋಲ್ಟುಗಳ ತಲೆ ಬಿಗಿದ ಮೇಲೆ ಮುರಿದು ಬೀಳುವಂತೆ ಮಾಡಿರುತ್ತಾರೆ, ಕಳ್ಳರ ಸ್ಪ್ಯಾನರಿಗೆ ಹಿಡಿತ ಸಿಗದಿರಲಿ ಅಂತ. ಅವನ್ನು ಡ್ರಿಲ್ ಹಾಕಿಯೇ ತೆಗೆಯಬೇಕು. ಚಿಪ್ ಇರುವ ಕೀಯ ಗಾಡಿಗಳಲ್ಲಿ ಹೊಸ ಕೀಯನ್ನು ಗಾಡಿಯ ಕಂಪ್ಯೂಟರಿಗೆ ಪರಿಚಯಿಸದಿದ್ದರೆ ಲಾಕ್ ತಿರುಗುತ್ತದೆ, ಎಂಜಿನ್ ಓಡುವುದಿಲ್ಲ.

ತಡಮಾಡದೆ ರಿಪೇರಿ ಮಾಡಿಸಬೇಕಾದ ಸಂದರ್ಭಗಳು ಎರಡು. ಸ್ಟಾರ್ಟ್ ಆದ ಮೇಲೆ ಕೀ ತಾನಾಗಿ ಆನ್‌ಗೆ ಮರಳದಿದ್ದರೆ ಸ್ಟಾರ್ಟರ್ ಮೋಟರ್ ಸುತ್ತುತ್ತಲೇ ಇದ್ದು ಸುಟ್ಟುಹೋಗುತ್ತದೆ, ಕೈಯಿಂದ ಹಿಂದಕ್ಕೆ ತಿರುಗಿಸಿ ನೇರ ಗ್ಯಾರೇಜಿಗೆ ಹೋಗಿ. ಇನ್ನೊಂದು, ಓಡುವಾಗಲೇ ಕೀ ಸಡಿಲವಾಗಿ ಆಫ್ ಕಡೆಗೆ ಜಾರುವುದು. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಷೆವರ್ಲೆ ಕೋಬಾಲ್ಟ್ ಮೊದಲಾದ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿದ್ದು ಇಂಥ ದೋಷಕ್ಕೇ. ಕೀ ಗೊಂಚಲಿನ ಭಾರಕ್ಕೋ ಕುಲುಕಾಟಕ್ಕೋ ಸ್ವಿಚ್ ಜಾರಿ, ಎಂಜಿನ್ ನಿಂತು, ಅಪಘಾತವಾದಾಗ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಆ ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಮನೆ, ಗೋಡೌನ್, ಸ್ಕೂಟರ್ ಎಲ್ಲದರ ಕೀಯನ್ನೂ ಕಾರಿನ ಕೀಗೆ ನೇತುಹಾಕುವ ನಮ್ಮ ಅಭ್ಯಾಸ ಹಳೆಯ ಲಾಕಿಗೆ ಒಳ್ಳೆಯದಲ್ಲ.

ಕೊನೆಗೆ, ತಿರುಗದ ಕೀಗೆ ಇಕ್ಕಳ ಹಾಕಬೇಡಿ, ಮುರಿಯುವುದು ಹಾಗೆಯೇ. ಮುರಿದರೂ ಅಂಟಿಸಿ ಎಳೆಯುತ್ತೇನೆಂದು ಫೆವಿಕ್ವಿಕ್ ತರಬೇಡಿ, ಬಿಲ್ಲೆಗಳೇ ಅಂಟಿಕೊಂಡರೆ ಆಮೇಲೆ ಲಾಕ್ ಬದಲಿಸದೆ ದಾರಿಯಿಲ್ಲ. ಕೀ ಮೇಕರನ್ನು ಕರೆಸಿ. ಒಳಗಿನ ತುಂಡು ಹೊರಗೆ ಬಂದ ಮೇಲೆ ಎರಡೂ ತುಂಡನ್ನು ಎತ್ತಿಟ್ಟುಕೊಳ್ಳಿ, ಬೇರೆ ಕೀ ಸಿಗದಿದ್ದರೆ ಅವನ್ನು ಜೋಡಿಸಿಟ್ಟುಕೊಂಡೇ ಹೊಸದನ್ನು ಕೊರೆಯಬಹುದು.