ಸ್ಲಿಪ್ ಗೇಜ್: ಅಳತೆಗೋಲನ್ನೇ ಅಳೆಯುವ ತುಂಡು

ಮಾಚೇನಹಳ್ಳಿಯ ಮಶಿನ್ ಶಾಪೊಂದಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಟರ್ನರ್ ಒಬ್ಬರು, ‘ತಮ್ಮಾ, ಒಳಗಿನಿಂದ ಸ್ಲಿಪ್ ತೆಗೆದುಕೊಂಡು ಬಾ’ ಎಂದರು. ನಾನು ಗೇಟ್ ಪಾಸಿನ ಚೀಟಿ ಹಿಡಿದು ಬಂದೆ. ಅವರಿಗೆ ಬೇಕಿದ್ದದ್ದು ಸ್ಲಿಪ್ ಗೇಜಿನ ಪೆಟ್ಟಿಗೆ.

ಸ್ಲಿಪ್ ಗೇಜ್ ಎಂದರೆ ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕಿನ ಆಯತಾಕಾರದ ತುಂಡು. ಎದುರುಬದುರಿನ ಎರಡು ಮುಖಗಳು ಕನ್ನಡಿಯಷ್ಟು ನಯ. ಅವುಗಳ ನಡುವಿನ ಅಂತರವೇ ತುಂಡಿನ ಮೇಲೆ ಬರೆದಿರುವ ಅಂಕಿ. ಇದರಿಂದ ಜಾಬನ್ನು, ಅಂದರೆ ಯಂತ್ರದಲ್ಲಿ ತಯಾರಾಗುತ್ತಿರುವ ಭಾಗವನ್ನು, ನೇರವಾಗಿ ಅಳೆಯುವುದು ಅಪರೂಪ. ಮೈಕ್ರೋಮೀಟರ್ ಎಂಬ ಅಳತೆಯ ಉಪಕರಣ ನಿಜ ಹೇಳುತ್ತಿದೆಯೇ, ಮುಳ್ಳಿನಿಂದ ಅಳತೆ ತೋರಿಸುವ ಡಯಲಿನ ಸೊನ್ನೆಯನ್ನು ಎಲ್ಲಿ ಕೂರಿಸಬೇಕು ಎಂದು ನೋಡುವುದಕ್ಕೇ ಇದು ಹೊರಬರುತ್ತದೆ.

1896ರಲ್ಲಿ ಈ ಉಪಾಯ ಹೊಳೆದದ್ದು ಸ್ವೀಡನ್ನಿನ ಬಂದೂಕು ಕಾರ್ಖಾನೆಯಲ್ಲಿದ್ದ ಸಿ. ಇ. ಯೋಹಾನ್ಸನ್ ಅವರಿಗೆ. ಅಳತೆಗೊಂದು ಗೇಜ್ ಮಾಡುವ ಬದಲು ಕೆಲವೇ ತುಂಡುಗಳನ್ನು ಜೋಡಿಸಿ ಸಾವಿರಾರು ಅಳತೆ ಪಡೆಯಬಹುದು ಎಂಬುದು ಅವರ ಲೆಕ್ಕ. ಮೊದಲ ತುಂಡುಗಳನ್ನು ಉಜ್ಜಲು ಹೆಂಡತಿಯ ಹೊಲಿಗೆ ಯಂತ್ರವನ್ನೇ ಮಾರ್ಪಡಿಸಿಕೊಂಡರಂತೆ!

87 ತುಂಡುಗಳ ಸೆಟ್ ಇದೆ, 38.457 ಮಿಲಿಮೀಟರ್ ಬೇಕು ಎನ್ನಿ. ಕೊನೆಯ ಅಂಕಿಯಿಂದ ಹೊರಡಬೇಕು: 1.007, ಆಮೇಲೆ 1.45, 6, 30. ಒಂದರ ಮೇಲೊಂದು ಇಟ್ಟರಷ್ಟೇ ಸಾಲದು. ಅಡ್ಡವಾಗಿ ಇಟ್ಟು, ಮೆಲ್ಲಗೆ ಒತ್ತಿ ಜಾರಿಸುತ್ತಾ ತಿರುಗಿಸಿದರೆ ಎರಡೂ ಕಚ್ಚಿಕೊಳ್ಳುತ್ತವೆ; ಮೇಲಿನದನ್ನು ಎತ್ತಿದರೆ ಕೆಳಗಿನದೂ ಬರುತ್ತದೆ. ಇದಕ್ಕೆ ರಿಂಗಿಂಗ್ (wringing) ಎನ್ನುತ್ತಾರೆ. ಗಂಟೆಗೂ ಇದಕ್ಕೂ ಸಂಬಂಧವಿಲ್ಲ. ಬಟ್ಟೆ ಹಿಂಡುವುದಕ್ಕೆ ಇಂಗ್ಲಿಷಿನಲ್ಲಿರುವ ಪದವೇ ಇದು. ಕಚ್ಚಿಕೊಂಡವನ್ನು ರಾತ್ರಿಯಿಡೀ ಹಾಗೆಯೇ ಬಿಟ್ಟರೆ ಬಿಡಿಸುವುದು ಕಷ್ಟ.

ತುಂಡಿನ ಮೇಲಿನ ಅಂಕಿ ಸರಿಯಾಗಿರುವುದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. 35 ಡಿಗ್ರಿಯಲ್ಲಿ 100 ಮಿಲಿಮೀಟರಿನ ಉಕ್ಕು ಸುಮಾರು 17 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. ಜಾಬ್ ಕೂಡ ಉಕ್ಕಿನದಾಗಿ, ಎರಡೂ ಒಂದೇ ಮೇಜಿನ ಮೇಲೆ ಸಮನಾಗಿ ತಣಿದಿದ್ದರೆ ಚಿಂತೆಯಿಲ್ಲ. ಕೈಯಲ್ಲಿ ಹಿಡಿದು ಹರಟೆ ಹೊಡೆದರೆ ಕೆಟ್ಟಿತು.

ನಮ್ಮ ಕಡೆ ಬಿಸಿಲಿಗಿಂತ ಮಳೆಗಾಲದ್ದೇ ಕಾಟ. ಗೋಡೆಯೇ ಬೆವರುವ ಆರಿದ್ರಾ ಮಳೆಯಲ್ಲಿ, ಒರೆಸದೆ ಇಟ್ಟ ತುಂಡಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಬಳಸಿದ ಮೇಲೆ ಪೆಟ್ರೋಲಿನಲ್ಲಿ ಒರೆಸಿ, ತೆಳುವಾಗಿ ವ್ಯಾಸಲೀನ್ ಸವರಿಯೇ ಪೆಟ್ಟಿಗೆಗೆ ಹಾಕಬೇಕು. ಭದ್ರಾವತಿಯ ಗುಜರಿಯಲ್ಲಿ ನನಗೊಂದು ಹಳೆಯ ಸೆಟ್ ಸಿಕ್ಕಿತು. ಅದರ 20ರ ತುಂಡಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ತುಕ್ಕು ಹಿಡಿದು ಕೂತಿದೆ. ಅದು ಇನ್ನು ಕಚ್ಚಿಕೊಳ್ಳುವುದಿಲ್ಲ. 20 ಬೇಕಾದಾಗ 10, 9.5, 0.5 ಸೇರಿಸಿಕೊಳ್ಳುತ್ತೇನೆ.